ಗಾಯ ಮಾಯ್ದ ಮೇಲೂ ಉಳಿದ ಉರಿ

ಆಪರೇಷನ್ ಆಗಿ ನಾಲ್ಕೈದು ತಿಂಗಳು ಕಳೆದಿದ್ದವು. ಬಿರು ಬೇಸಿಗೆ. ಮೂಕಂಡಪಲ್ಲಿಯ ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಬಂದ ಮಗ, ನಾನು ಬೆವರಿಳಿಸುತ್ತ ಹಜಾರದಲ್ಲಿ ಕೂತಿದ್ದನ್ನು ಕಂಡು ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಗಾಳಿ ಬಂದು ಎಡಪಕ್ಕೆಗೆ ತಾಕಿತು, ಅಷ್ಟೇ. ಕೆಂಡ ಸವರಿದ ಹಾಗಾಗಿ ಕಿರುಚಿಬಿಟ್ಟೆ.

"ಏನಾಯ್ತಮ್ಮಾ? ಹುಳ ಗಿಳ ಕಚ್ತಾ?" ಅಂತ ಅವನು ನನ್ನ ಸೆರಗಿನ ಸುತ್ತ ಹುಡುಕತೊಡಗಿದ.

"ಗಾಳಿ ಕಣ್ಲಾ," ಅಂದೆ. "ಗಾಳಿ ತಾಕ್ತು."

ಅವನು ನನ್ನ ಮುಖವನ್ನೇ ನೋಡಿದ. ನನಗೂ ನನ್ನ ಮಾತು ನಂಬುವ ಹಾಗಿರಲಿಲ್ಲ. ಹೊಸೂರು ಕಡೆಯ ಬಾಗಲೂರಿನ ಹತ್ತಿರ ನಮ್ಮ ಊರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಗುಲಾಬಿ ಬೆಳೆಯುತ್ತೇವೆ. ಹೂವು ಕೊಯ್ದೂ ಕೊಯ್ದೂ ನನ್ನ ಅಂಗೈ ಮುಳ್ಳಿಗೆ ಲೆಕ್ಕ ಇಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಚುಚ್ಚಿದರೆ ನೋಯುತ್ತದೆ, ಸುಟ್ಟರೆ ಉರಿಯುತ್ತದೆ, ಇದು ಯಾರಿಗಾದರೂ ಗೊತ್ತು. ಗಾಳಿಗೂ ಮೈ ಉರಿಯುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಕಾಯಿಲೆ ಬಂದದ್ದೇ ನಂಬಲಾಗದ ಸುದ್ದಿಯಾಗಿತ್ತು. ಬಿಡದ ಕೆಮ್ಮಿಗೆ ಅಂತ ಹೊಸೂರಿನಲ್ಲಿ ಎಕ್ಸ್‌ರೇ ತೆಗೆಸಿದೆವು. ಅಲ್ಲಿಂದ ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಫಿಲಂ ನೋಡಿ, ನನ್ನನ್ನು ಬಿಟ್ಟು ನನ್ನ ಯಜಮಾನರನ್ನು ಕೇಳಿದರು: "ಸಿಗರೇಟ್ ಅಭ್ಯಾಸ ಇದೆಯಾ?" ಅವರು ಹೌಹಾರಿ, "ನಂಗಾ ಸಾರ್? ಇಲ್ಲ. ಕಾಯ್ಲೆ ಅವ್ಳಿಗಲ್ವಾ?" ಅಂದರು. ನಾನೂ ಬೀಡಿ ಮುಟ್ಟಿದವಳಲ್ಲ. ಶ್ವಾಸಕೋಶದ ಕ್ಯಾನ್ಸರ್ ಕೆಲವರಿಗೆ ಹಾಗೂ ಬರುತ್ತದೆ ಅಂದರು ಡಾಕ್ಟರು. ಎಡ ಶ್ವಾಸಕೋಶದ ಕೆಳಭಾಗವನ್ನು ಕೊಯ್ದು ತೆಗೆದರು. ಹೆಗಲಿನ ಹಿಂದಿನಿಂದ ಶುರುವಾದ ಗಾಯ ಪಕ್ಕೆ ಸುತ್ತಿಕೊಂಡು ಎದೆಯ ಕೆಳಗಿನ ತನಕ ಬಂದಿತ್ತು. "ಪೂರಾ ತೆಗೆದಿದ್ದೀವಮ್ಮ, ನೀವು ಬಹಳ ಅದೃಷ್ಟವಂತರು," ಅಂದರು. ಹೊಲಿಗೆ ಬಿಚ್ಚಿದರು. ಗಾಯ ನೀಟಾಗಿ ಮಾಯ್ದಿತ್ತು. ನೋಡಿದ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು.

ನೋವು ಮಾತ್ರ ಹೋಗಲಿಲ್ಲ. ಎದೆಯ ಕೆಳಗೆ ಅಂಗೈಯಗಲದ ಜಾಗ ಮರಗಟ್ಟಿತ್ತು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಅದರ ಅಂಚಿನಲ್ಲೇ ಸೀರೆಯ ಸೆರಗು ಸೋಕಿದರೆ ಪ್ರಾಣ ಹೋಗುತ್ತಿತ್ತು. ಕೆಲವೊಮ್ಮೆ ಏನೂ ಸೋಕದೆಯೂ ಬೆನ್ನಿನಿಂದ ಮುಂದಕ್ಕೆ ಕರೆಂಟು ಹೊಡೆದ ಹಾಗೆ ಹರಿಯುತ್ತಿತ್ತು. ರವಿಕೆ ತೊಡಲಾರದೆ ಯಜಮಾನರ ಹಳೆಯ ಶರ್ಟು ಹಾಕಿಕೊಂಡು, ಅದರ ಮೇಲೆ ಸೀರೆ ಸುತ್ತಿಕೊಳ್ಳುತ್ತಿದ್ದೆ. ಹೊಲದಲ್ಲಿ ಕೆಲಸಕ್ಕೆ ಹೋಗುವ ಹೆಂಗಸರು ಗಂಡಸರ ಶರ್ಟು ಹಾಕುವುದು ನಮ್ಮ ಕಡೆ ಇದ್ದದ್ದೇ. ಆದರೆ ನಾನು ಹೊಲಕ್ಕೂ ಹೋಗದೆ, ಹಬ್ಬದ ದಿನವೂ ಅದನ್ನೇ ಹಾಕಿಕೊಂಡು ಕೂತಿದ್ದು ಮನೆಯವರ ಕಣ್ಣಿಗೆ ಬೇರೆ ಥರ ಕಂಡಿರಬೇಕು.

ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ. ಕ್ಯಾನ್ಸರ್ ತಿರುಗಿ ಬಂದಿದೆ. ಇಲ್ಲದಿದ್ದರೆ ಮಾಯ್ದ ಗಾಯ ಯಾಕೆ ನೋಯುತ್ತದೆ? ಸ್ಕ್ಯಾನಿಗೆ ಬರಲು ಹೇಳಿದ್ದ ದಿನ ಹತ್ತಿರವಾದಾಗ, ಹೂವಿಗೆ ಒಳ್ಳೆ ಕಾಲ, ಇನ್ನೊಂದು ವಾರ ಬಿಟ್ಟು ಹೋಗೋಣ ಅಂದೆ. ಯಜಮಾನರು ಮರುಮಾತಾಡದೆ ಒಪ್ಪಿದರು. ಯಾವತ್ತೂ ಅಷ್ಟು ಬೇಗ ನನ್ನ ಮಾತಿಗೆ ಒಪ್ಪಿದವರಲ್ಲ. ಅವರೂ ಹೆದರಿದ್ದಾರೆ ಅಂತ ಆಗ ನನಗೆ ಹೊಳೆಯಲಿಲ್ಲ.

ಮಗನಿಗೆ ಆಲಸನತ್ತಂನ ಹುಡುಗಿಯನ್ನು ನನ್ನ ಕಾಯಿಲೆಗಿಂತ ಮುಂಚೆಯೇ ಮಾತಾಡಿಯಾಗಿತ್ತು. ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಮದುವೆ ಅಂತ ಎರಡೂ ಕಡೆಯವರು ಒಪ್ಪಿದ್ದೆವು. ಹೀಗಿರುವಾಗ ಒಂದು ಮಧ್ಯಾಹ್ನ ಹುಡುಗಿಯ ತಾಯಿ, ನನ್ನ ಬೀಗಿತ್ತಿಯಾಗಲಿರುವವರು, ಒಬ್ಬರೇ ನನ್ನನ್ನು ನೋಡಲು ಬಂದರು. ತೆಲುಗು ಮನೆಮಾತಿನವರು. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. ಬಾಗಿಲಲ್ಲಿ ನನ್ನನ್ನು ಆ ದೊಗಳೆ ಶರ್ಟಿನಲ್ಲಿ ನೋಡಿದ್ದೇ ಅವರ ಕಣ್ಣು ತುಂಬಿತು. ಬಂದವರೇ ಎರಡೂ ಕೈಯಲ್ಲಿ ನನ್ನನ್ನು ತಬ್ಬಿಕೊಂಡರು.

ಆಮೇಲೆ ನೆನಪಿರುವುದು ನೆಲದ ತಂಪು. ಕುಸಿದು ಬಿದ್ದಿದ್ದೆ. ಬಾಯಿಂದ ಎಂಥ ಕೂಗು ಹೊರಟಿತ್ತೋ, ಹಿತ್ತಲಲ್ಲಿ ಹೂವಿನ ಕಟ್ಟು ಕಟ್ಟುತ್ತಿದ್ದ ಯಜಮಾನರು ಓಡಿ ಬಂದರು. ಬೀಗಿತ್ತಿ ಪಕ್ಕದಲ್ಲಿ ಕೂತಿದ್ದರು. ನಾನು ಉಸಿರು ಹಿಡಿದುಕೊಂಡು ಎದ್ದು ಗೋಡೆಗೆ ಒರಗಿದ ಮೇಲೆ ಅವರು ನನ್ನ ಬಲಗೈ ಹಿಡಿದು ಸಮಾಧಾನ ಹೇಳಿದರು.

"ಏನೂ ಯೋಚ್ನೆ ಮಾಡ್ಬೇಡಿ ಅಕ್ಕಾ. ಮುಂದಿನ ತಿಂಗ್ಳೇ ಮದ್ವೆ ಇಟ್ಕೊಂಡ್ಬಿಡಾಣ ಅಂತ ನಿಮ್ಮನೆ ಅಣ್ಣೋರು ಬಂದ್ ಕೇಳ್ದಾಗ, ನಮ್ಮೋರು ಬ್ಯಾಡ ಅನ್ಲಿಲ್ಲ. ನೀವಿರೋ ಹೊತ್ನಾಗೇ ಆಗೋಗ್ಲಿ. ನೀವು ಕಣ್ತುಂಬ ನೋಡ್ಕಳಿ."

ನಾನು ಇರುವ ಹೊತ್ತಿನಲ್ಲೇ. ಆ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಬೀಗಿತ್ತಿಗೆ ಆಗ ಅರ್ಥವಾಯಿತು, ನನಗೆ ಯಾರೂ ಹೇಳಿಲ್ಲ ಅಂತ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದರು. ಕಾಫಿಯನ್ನೂ ಕುಡಿಯದೆ ಹೊರಟುಹೋದರು.

"ಏನಿದು?" ಅಂದೆ.

ಯಜಮಾನರು, "ಏನಾನ ಆಗ್ಬುಟ್ರೆ ವರ್ಸ ತುಂಬೋಗಂಟ ಮನೇಲಿ ಶುಭಕಾರ್ಯ ಮಾಡಂಗಿಲ್ವಲ್ಲ," ಅಂದರು. "ನೀನು ನೋಡ್ದೆ ಹೋಗ್ಬುಟ್ಟೆ ಅಂದ್ರೆ ಅವ್ನು ಕೊರಗ್ತಾನೆ ಅಂತ..."

"ಏನಾನ ಆಗ್ಬುಟ್ರೆ ಅಂದ್ರೆ? ನಾನ್ ಸತ್ರೆ ಅಂತ್ಲಾ?"

ಅವರು ಎದ್ದು ಹಿತ್ತಲಿಗೆ ಹೋದರು. ಸಂಜೆ ಮಗ ಬಂದ. ಅವನನ್ನೂ ಕೇಳಿದೆ. ಅವನು ಊಟದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. "ನೀನು ಫ್ಯಾನ್ ಗಾಳಿಗೆ ಕೂಗ್ಕಂಡ್ಯಲ್ಲಮ್ಮಾ," ಅಂದ. "ಅವತ್ತೇ ನಂಗೆ ಗೊತ್ತಾಗೋಯ್ತು." ಏನು ಗೊತ್ತಾಯಿತು ಅಂತ ಅವನೂ ಬಾಯಿಬಿಟ್ಟು ಹೇಳಲಿಲ್ಲ. ಒಂದೇ ಮನೆಯಲ್ಲಿ ಒಂದೇ ಅನ್ನ ಉಣ್ಣುತ್ತ, ಮೂವರೂ ನನ್ನ ಸಾವನ್ನು ಒಳಗೊಳಗೇ ಖಾತ್ರಿ ಮಾಡಿಕೊಂಡು ಕೂತಿದ್ದೆವು. ಅವರು ನನಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಛತ್ರ ವಿಚಾರಿಸಿದ್ದರು. ನಾನು ಅಳಲಿಲ್ಲ. ಅಳು ಬರಲಿಲ್ಲ. ಮೈಯೆಲ್ಲ ತಣ್ಣಗಾಗಿತ್ತು. ಪಕ್ಕೆ ಮಾತ್ರ ಉರಿಯುತ್ತಿತ್ತು.

"ನಾಳಿಕೇ ಬೆಂಗಳೂರಿಗೆ ಹೋಗಾಣ. ಸಾಯೋದೇ ಆದ್ರೆ ಡಾಕ್ಟ್ರ ಬಾಯಿಂದ ಕೇಳ್ತೀನಿ. ನೆಂಟ್ರ ಬಾಯಿಂದ ಬ್ಯಾಡ," ಅಂದೆ.

ಬಸ್ಸಿನಲ್ಲಿ ಯಜಮಾನರು ನನ್ನನ್ನು ಬಲಗಡೆ ಕೂರಿಸಿ, ತಾವು ಎಡಕ್ಕೆ ಕೂತು, ಯಾರೂ ನನ್ನ ಪಕ್ಕೆಗೆ ತಾಕದ ಹಾಗೆ ತೋಳನ್ನು ಅಡ್ಡ ಕೊಟ್ಟುಕೊಂಡೇ ಬಂದರು. ಸ್ಕ್ಯಾನ್ ಆಯಿತು. ರಿಪೋರ್ಟ್ ಬಂದಾಗ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಕಂಪ್ಯೂಟರ್ ನೋಡುತ್ತಲೇ, "ಎಲ್ಲ ಕ್ಲೀನ್ ಆಗಿದೆ. ಏನೂ ಇಲ್ಲಮ್ಮ," ಅಂದರು.

ಯಜಮಾನರು ಕೂತಲ್ಲೇ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಮದುವೆಯಾದಾಗಿನಿಂದ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ಅಷ್ಟೇ ಸಂತೋಷವಾಗಬೇಕಿತ್ತು. ಆದರೆ ಆ 'ಏನೂ ಇಲ್ಲ' ಕೆನ್ನೆಗೆ ಹೊಡೆದ ಹಾಗಿತ್ತು.

"ಏನೂ ಇಲ್ಲ ಅಂದ್ರೆ ಇದೇನ್ ಸಾರ್?" ಅಂತ ನನ್ನ ಪಕ್ಕೆ ತೋರಿಸಿದೆ. "ನಿಮ್ ಕಂಪ್ಯೂಟರ್‌ನಾಗೆ ಇಲ್ದಿದ್ರೆ ನಂಗೆ ನೋವಿಲ್ಲ ಅಂತಾನಾ?"

ಅವರು ಕುರ್ಚಿ ತಿರುಗಿಸಿ ಮೊದಲ ಸಲ ನನ್ನ ಮುಖ ನೋಡಿದರು. ಬೇಜಾರು ಮಾಡಿಕೊಳ್ಳಲಿಲ್ಲ. "ಇದು ಕ್ಯಾನ್ಸರ್ ನೋವಲ್ಲ, ಆಪರೇಷನ್ನಿನ ನೋವು. ಕೆಲವರಿಗೆ ಹೀಗೆ ಉಳಿದುಬಿಡುತ್ತೆ. ಇದಕ್ಕೇ ಬೇರೆ ಡಾಕ್ಟರಿದ್ದಾರೆ," ಅಂದರು. ಪದೇ ಪದೇ ಬೆಂಗಳೂರಿಗೆ ಬರುವುದು ಕಷ್ಟ ಅಂದಾಗ, ಕೃಷ್ಣಗಿರಿಯಲ್ಲಿ ನೋವಿನ ಚಿಕಿತ್ಸೆ ಮಾಡುವ ಒಬ್ಬರ ವಿಳಾಸ ಕೊಟ್ಟರು.

ಕೃಷ್ಣಗಿರಿಯ ಆ ಡಾಕ್ಟರಮ್ಮ ತಮಿಳಿನವರು. ನನ್ನನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಪಕ್ಕೆಯನ್ನು ಮೆಲ್ಲಗೆ ಸವರುತ್ತ ಬಂದರು. ಒಂದು ಕಡೆ ಸವರಿದ್ದೇ ಗೊತ್ತಾಗಲಿಲ್ಲ. ಇನ್ನೊಂದು ಕಡೆ ಹಾಸಿಗೆಯಿಂದ ಎದ್ದು ಕೂತುಬಿಟ್ಟೆ. ಅವರು ತಲೆಯಾಡಿಸಿದರು. ಪಕ್ಕೆಲುಬುಗಳ ನಡುವೆ ನರ ಇರುತ್ತದೆ, ಎಲುಬನ್ನು ಅಗಲಿಸಿ ಒಳಗೆ ಕೈ ಹಾಕುವಾಗ ಅದಕ್ಕೆ ಪೆಟ್ಟಾಗುತ್ತದೆ ಅಂದರು. "ಕಾಯಂ ಆರಿಡ್ಚು. ನರಂಬು ಆರಲೆ," ಅಂದರು. ಗಾಯ ಆರಿದೆ, ನರ ಆರಿಲ್ಲ. ಪೆಟ್ಟು ತಿಂದ ನರ ಗಾಳಿಯನ್ನೂ ಬೆಂಕಿ ಅಂತಲೇ ತಲೆಗೆ ಹೇಳುತ್ತದಂತೆ.

"ಪೂರಾ ಹೋಗ್ತದಾ?" ಅಂತ ಯಜಮಾನರು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಕೇಳಿದರು.

ಹೋಗಬಹುದು, ಹೋಗದೆಯೂ ಇರಬಹುದು, ಕಮ್ಮಿಯಂತೂ ಮಾಡಬಹುದು ಅಂದರು ಆಕೆ. ಸಾಯುವುದಕ್ಕೆ ಹೇಗೋ ತಯಾರಾಗಿದ್ದೆ. ಈ ಉರಿಯನ್ನು ಇಟ್ಟುಕೊಂಡು ಮುದುಕಿಯಾಗುವ ತನಕ ಬದುಕಬೇಕಾಗಬಹುದು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನರಕ್ಕೆ ಅಂತ ಕೊಟ್ಟ ಮಾತ್ರೆ ಮೊದಮೊದಲು ಅಮಲು ಹಿಡಿಸುತ್ತಿತ್ತು. ಕೂತಲ್ಲೇ ತೂಗುತ್ತಿದ್ದೆ. ಪಕ್ಕೆಗೆ ಅಂಟಿಸುವ ಔಷಧಿಯ ಪಟ್ಟಿ ಕೊಟ್ಟರು. ಹತ್ತಿಯಿಂದ ಶುರುಮಾಡಿ, ಆಮೇಲೆ ಮೆತ್ತನೆ ಬಟ್ಟೆ, ಆಮೇಲೆ ಒರಟು ಬಟ್ಟೆ, ಹೀಗೆ ದಿನಾ ಸವರಿ ಚರ್ಮಕ್ಕೆ ಅಭ್ಯಾಸ ಮಾಡಿಸಲು ಹೇಳಿದರು. ಬೆನ್ನ ಹಿಂದೆ ನನ್ನ ಕೈ ಎಟುಕುತ್ತಿರಲಿಲ್ಲ, ಯಜಮಾನರೇ ಸವರುತ್ತಿದ್ದರು. ಗಿಡಕ್ಕೆ ಔಷಧಿ ಹೊಡೆಯುವ, ಗುದ್ದಲಿ ಹಿಡಿಯುವ ಆ ಕೈಗೆ ಹತ್ತಿಯ ಎಳೆ ಹಿಡಿಯುವುದು ಹೊಸದು. "ನೋವಾಯ್ತಾ? ಬುಟ್ಬುಡ್ಲಾ?" ಅಂತ ಸವರಿದಷ್ಟು ಸಲವೂ ಕೇಳುತ್ತಿದ್ದರು.

ಮದುವೆಯನ್ನು ಮೊದಲು ಮಾತಾಡಿದ್ದ ಕಾಲಕ್ಕೇ ಮಾಡಿದೆವು. ಬೀಗರ ಮನೆಗೆ ನಾನೇ ಹೋಗಿ, ನನಗೆ ಏನೂ ಆಗಿಲ್ಲ, ಅವಸರ ಬೇಡ ಅಂತ ಹೇಳಿಬಂದೆ. ಬೀಗಿತ್ತಿ ಕೈ ಮುಗಿದು ದೂರವೇ ನಿಂತಿದ್ದರು, ಹತ್ತಿರ ಬರಲು ಭಯ. ಛತ್ರದಲ್ಲಿ ರೇಷ್ಮೆ ಸೀರೆಯ ಒಳಗೆ ಸಡಿಲವಾದ ಹತ್ತಿ ರವಿಕೆ ತೊಟ್ಟಿದ್ದೆ, ಅದರ ಬಣ್ಣಕ್ಕೂ ಸೀರೆಗೂ ಹೊಂದಿಕೆಯಿರಲಿಲ್ಲ. ನೆಂಟರು ನನ್ನ ಕಡೆ ನುಗ್ಗಿದಾಗಲೆಲ್ಲ ಬೀಗಿತ್ತಿ ಮಗಳ ಮದುವೆಯ ಗಡಿಬಿಡಿಯನ್ನೂ ಬಿಟ್ಟು ಓಡಿ ಬಂದು ನನ್ನ ಎಡಗಡೆ ನಿಂತು, "ಮುಟ್ಬೇಡಿ, ಕೈ ಮುಗೀರಿ ಸಾಕು," ಅನ್ನುತ್ತಿದ್ದರು. ಧಾರೆಯ ಹೊತ್ತಿಗೆ ಪಕ್ಕೆಯೊಳಗೆ ಕರೆಂಟು ಹರಿಯಿತು. ನಾನು ತುಟಿ ಕಚ್ಚಿಕೊಂಡರೂ ತುಂಬಿಬಂದ ನೀರನ್ನು ಜನ ತಾಯಿಯ ಕಣ್ಣೀರು ಅಂದುಕೊಂಡರು.

ಈಗ ನೋವು ಅರ್ಧಕ್ಕೆ ಇಳಿದಿದೆ. ಹೂವು ಕೊಯ್ಯಲು ಹೋಗುತ್ತೇನೆ, ಬುಟ್ಟಿ ಮಾತ್ರ ಎತ್ತುವುದಿಲ್ಲ. ಚಳಿಗಾಲದ ಬೆಳಿಗ್ಗೆ ಕಷ್ಟ. ಒಂದೊಂದು ವಾರ ಏನೂ ಇರುವುದಿಲ್ಲ, ಹೋಗೇಬಿಟ್ಟಿತು ಅಂದುಕೊಳ್ಳುವಷ್ಟರಲ್ಲಿ ಬಂದು ಹೊಡೆಯುತ್ತದೆ. ಪ್ರತಿ ಸಲವೂ ಮೊದಲ ಸಲದಷ್ಟೇ ಬೆಚ್ಚುತ್ತೇನೆ. ಇದಕ್ಕೆ ಒಗ್ಗಿಕೊಳ್ಳುವುದು ಹೇಗೆ ಅಂತ ಇನ್ನೂ ಗೊತ್ತಾಗಿಲ್ಲ.

ಮೊನ್ನೆ ಗುಲಾಬಿ ಸಾಲಿನ ನಡುವೆ ಕತ್ತರಿ ಕೆಳಗೆ ಬಿಟ್ಟು ನಿಂತುಬಿಟ್ಟೆ. ಪಕ್ಕದ ಸಾಲಿನಿಂದ ಸೊಸೆ ನೋಡಿದಳು.

"ನೋಯ್ತಾ ಐತಾ ಅತ್ತೆ?"

ಬಾಯಿಗೆ 'ಏನಿಲ್ಲ' ಬಂದಿತ್ತು. "ಹೂಂ ಕಣಮ್ಮಿ, ನೋಯ್ತಾ ಐತೆ," ಅಂದೆ. ಅವಳು ಗಾಬರಿಯಾಗಲಿಲ್ಲ. "ಕೂತ್ಕಳಿ ಹಂಗಾರೆ," ಅಂದು ನನ್ನ ಸಾಲನ್ನೂ ಕೊಯ್ಯತೊಡಗಿದಳು.