ಹುಲ್ಲಿನ ಮೆದೆಯ ಮೇಲಿನ ಇಂಗ್ಲಿಷ್ ಮೇಡಂ

ಮೇಘನಾ, ಪವನ, ಬೇಸಿಗೆ ರಜೆಗೆ ಬಂದಾಗ ನೀವಿಬ್ಬರೂ ಹಿತ್ತಿಲಲ್ಲಿ ನಿಂತು ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ. 'ಅಜ್ಜಿ, ನಮ್ಮ ಹುಲ್ಲಿನ ಮೆದೆ ಮೇಲೆ ತಲೆಕೆಳಗಾಗಿ ನಗ್ತಾ ಇರೋ ಆ ಫಾರಿನ್ ಆಂಟಿ ಯಾರು?' ನಾನು ಉತ್ತರ ಹೇಳದೆ ಒಳಗೆ ಹೋದೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಮಾತಾಡುವಷ್ಟರಲ್ಲಿ ಸೆರಗು ಬಾಯಿಗೆ ಹೋಗುತ್ತದೆ. ಬರೆಯುವುದಾದರೆ ಆದೀತು. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಜನವರಿಯ ಒಂದು ಶನಿವಾರ ನಾನು ಅವಳ ಜೊತೆ ಶ್ರೀನಿವಾಸಪುರ, ಕೋಲಾರ, ಮಾಲೂರು ಸುತ್ತಿ ಬಂದೆ. ಒಂದೇ ದಿನದ ಪ್ರಯಾಣ. ಆದರೂ ನಾನು ಅಷ್ಟು ದೂರ ಯಾವತ್ತೂ ಹೋಗಿರಲಿಲ್ಲವೇನೋ ಅನ್ನಿಸುತ್ತದೆ.

ಅವಳ ಹೆಸರು ರೂತ್. ನ್ಯೂಜಿಲೆಂಡ್ ದೇಶದ, ಹಸು ಸಾಕುವ ಮನೆಯ ಹುಡುಗಿ. ಕುರುಡುಮಲೆ ಗಣಪತಿಯನ್ನು ನೋಡಲು ಬಂದವಳು ನಮ್ಮ ಹೊಲದ ಬದುವಿನಲ್ಲಿ ಕಾಲು ಉಳುಕಿಸಿಕೊಂಡಳು. ಎರಡು ದಿನ ಇದ್ದು ಹೋಗಲಿ ಎಂದು ಮನೆಗೆ ಕರೆತಂದೆ. ಕಾಲು ವಾಸಿಯಾಯಿತು, ಅವಳು ಹೋಗಲಿಲ್ಲ. ಬೆಳಿಗ್ಗೆ ನನಗಿಂತ ಮೊದಲೆದ್ದು ಹಾಲು ಕರೆಯುತ್ತಿದ್ದಳು. ಸಂಜೆ ನನ್ನ ಪಕ್ಕ ಕೂತು ಅವರೆಕಾಳು ಹಿಸುಕುತ್ತಿದ್ದಳು. ಡೈರಿಯ ಹತ್ತಿರ ಅವಳನ್ನು ನೋಡಿದ ನಾರಾಯಣಪ್ಪ ಎಂಬುವರು, 'ನಮ್ಮ ಮಕ್ಕಳಿಗೆ ಇಂಗ್ಲಿಷ್ ಮಾತಾಡೋದು ಹೇಳ್ಕೊಡಿ ಮೇಡಂ, ಸಂಬಳ ಕೊಡ್ತೀನಿ' ಅಂದರು. ಅವರು ಮುಳಬಾಗಿಲಿನ ಒಂದು ಖಾಸಗಿ ಶಾಲೆಯ ಸೆಕ್ರೆಟರಿ. ರೂತ್ ಒಪ್ಪಿಕೊಂಡಳು. ಹೋಗು ಎಂದು ನಾನೂ ಹೇಳಿದೆ. ಅದರಲ್ಲಿ ತಪ್ಪೇನಿದೆ ಎಂದು ನಮಗೆ ಹೇಗೆ ತಿಳಿಯಬೇಕು?

ಹತ್ತೊಂಬತ್ತು ದಿನ ಅವಳು ಪಾಠ ಹೇಳಿದಳು. ಅಷ್ಟರಲ್ಲಿ ನಾರಾಯಣಪ್ಪ ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಮಾಲೂರು, ಹೀಗೆ ನಾಲ್ಕು ಊರಲ್ಲಿ ಫ್ಲೆಕ್ಸ್ ಕಟ್ಟಿಸಿದರು. ಮಧ್ಯೆ ರೂತ್ ನಗುತ್ತಿರುವ ದೊಡ್ಡ ಫೋಟೊ, ಮೂಲೆಯಲ್ಲಿ ಕಪ್ಪು ಕನ್ನಡಕ ಹಾಕಿ ಕೈಮುಗಿದ ನಾರಾಯಣಪ್ಪ. 'ಲಂಡನ್ ಟೀಚರ್ ಈಗ ನಮ್ಮ ಶಾಲೆಯಲ್ಲಿ! ಪ್ರವೇಶ ಆರಂಭ' ಎಂದು ಬರೆಸಿದ್ದರು. ರೂತ್ ಲಂಡನ್ನನ್ನು ಕಂಡವಳೇ ಅಲ್ಲ.

ಆ ಶುಕ್ರವಾರ ಸಂಜೆ ಸಂಬಳ ತೆಗೆದುಕೊಳ್ಳಲು ನಾರಾಯಣಪ್ಪನ ಮನೆಗೆ ಹೋದವಳು ಬರಿಗೈಯಲ್ಲಿ ನಗುತ್ತ ಬಂದಳು. ಕವರು ಕೊಡುವ ಹೊತ್ತಿಗೆ ಅವರ ತಾಯಿ ಒಳಗಿನಿಂದ ಬಂದು, 'ಶುಕ್ರವಾರಂ ಪೂಟ ಲಕ್ಷ್ಮಿನಿ ಬಯಟಿಕಿ ಪಂಪಿಸ್ತಾವಾ?' ಎಂದು ಮಗನನ್ನು ತೆಲುಗಿನಲ್ಲಿ ಗದರಿದರಂತೆ. ಶುಕ್ರವಾರ ಮನೆಯ ಲಕ್ಷ್ಮಿಯನ್ನು ಆಚೆ ಕಳಿಸುತ್ತಾರೆಯೇ ಎಂದು. ಕವರು ಲಕ್ಷ್ಮಿ ಪಟದ ಮುಂದೆ ಹೋಯಿತು. 'ನಾಳೆ ಬನ್ನಿ ಮೇಡಂ' ಅಂದರಂತೆ. ರೂತ್‌ಗೆ ಅದೊಂದು ತಮಾಷೆ.

ನಗು ಒಂದು ಗಂಟೆಯೂ ಉಳಿಯಲಿಲ್ಲ. ಫ್ಲೆಕ್ಸಿನ ಫೋಟೊವನ್ನು ಅವಳು ಗೆಳತಿಯೊಬ್ಬಳಿಗೆ ಕಳಿಸಿದ್ದಳು. ಆ ಗೆಳತಿಯೂ ದೇಶದಿಂದ ದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸುತ್ತಿದ್ದವಳೇ. ಅವಳು ಫೋನ್ ಮಾಡಿ ಬೈದಳು. ಪ್ರವಾಸಿ ವೀಸಾದಲ್ಲಿ ಬಂದವರು ಸಂಬಳದ ಕೆಲಸ ಮಾಡುವಂತಿಲ್ಲ, ಬೇರೊಂದು ದೇಶದಲ್ಲಿ ತನ್ನನ್ನು ಹೀಗೆಯೇ ಹಿಡಿದು ವಾಪಸ್ಸು ಕಳಿಸಿದ್ದರು ಎಂದಳು. ರೂತ್‌ಗೆ ಏಪ್ರಿಲ್‌ನಿಂದ ಜಪಾನಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆಯಂತೆ: ನಿಮ್ಮನ್ನು ಯಾವುದಾದರೂ ದೇಶ ಹೊರಗೆ ಕಳಿಸಿದೆಯೇ? ಹೌದು ಎಂದು ಬರೆದರೆ ಜಪಾನೂ ಇಲ್ಲ, ಮತ್ತೊಂದು ದೇಶವೂ ಇಲ್ಲ. ರೂತ್ ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ನಿಮ್ಮಮ್ಮ ಫೋನಿನಲ್ಲಿ ನನಗೆ ಕನ್ನಡದಲ್ಲಿ ಹೇಳಿದಳು. ರೂತ್ ಒಲೆಯ ಮುಂದೆ ಕೂತು 'ಅಜ್ಜಿ, ಭಯ' ಅಂದಳು. ಅವಳಿಗೆ ಬರುತ್ತಿದ್ದ ಕನ್ನಡದಲ್ಲಿ ಅಷ್ಟೇ ಹೇಳಲು ಸಾಧ್ಯವಿತ್ತು.

ಅವರಾಗಿ ಹಿಡಿಯುವ ಮೊದಲೇ ನಾರಾಯಣಪ್ಪನಿಂದ ಒಂದು ಕಾಗದ ತೆಗೆದುಕೊಂಡು ಕೋಲಾರದ ಪೊಲೀಸ್ ಕಚೇರಿಗೆ ಹೋಗಿ ಇದ್ದದ್ದನ್ನು ಹೇಳಿಬಿಡಿ ಎಂದು ನಿಮ್ಮಮ್ಮ ಹೇಳಿಕೊಟ್ಟಳು. ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಹೊರಟೆವು. ಎದುರಿನ ಹುಣಸೆಮರ ಕಾಣದಷ್ಟು ಮಂಜು. ನನಗೆ ಆಧಾರ್ ಕಾರ್ಡಿನಿಂದ ಸೊನ್ನೆ ಟಿಕೆಟ್. ರೂತ್ ತಾನೂ ಹೆಂಗಸು ಎಂದು ಕೈ ಮುಂದೆ ಮಾಡಿದಳು. 'ಫಾರಿನ್ ಅಕ್ಕಂದಿರಿಗೆ ಫ್ರೀ ಇಲ್ಲಮ್ಮ' ಎಂದು ಕಂಡಕ್ಟರ್ ನಕ್ಕು ದುಡ್ಡು ತೆಗೆದುಕೊಂಡ. ಮುಳಬಾಗಿಲಿನಲ್ಲಿ ಇಳಿದರೆ ಬಸ್ ಸ್ಟ್ಯಾಂಡಿನ ಎದುರಿಗೇ ಫ್ಲೆಕ್ಸು. ಜನ ಅದನ್ನು ನೋಡಿ, ಇವಳನ್ನು ನೋಡಿ, ಮತ್ತೆ ಅದನ್ನು ನೋಡಿದರು. ನನ್ನ ಸೆರಗನ್ನು ಅವಳ ತಲೆಗೂ ಹೊದಿಸಿದೆ. ದೋಸೆ ತಿನ್ನು ಅಂದರೆ ಬೇಡ ಅಂದಳು. ಮುಳಬಾಗಿಲು ದೋಸೆಯನ್ನು ಅವಳು ಬೇಡ ಅಂದದ್ದು ಅದೇ ಮೊದಲು.

ನಾರಾಯಣಪ್ಪ ಅಂದು ಶ್ರೀನಿವಾಸಪುರದಲ್ಲಿರುವ ತಮ್ಮ ಇನ್ನೊಂದು ಶಾಲೆಯಲ್ಲಿದ್ದರು. ಮುಳಬಾಗಿಲಿನಿಂದ ಒಂದು ಗಂಟೆಯ ದಾರಿ, ಉದ್ದಕ್ಕೂ ಹೂ ಬಿಡಲು ಶುರುವಾಗಿದ್ದ ಮಾವಿನ ತೋಪು. ವಿಷಯ ಕೇಳಿ ಅವರು ಮೊದಲು ನಕ್ಕರು, ಆಮೇಲೆ ಬೆವರಿದರು.

'ಯಾರ್ ಕೇಳ್ತಾರಕ್ಕ? ಫ್ಲೆಕ್ಸ್ ಇಳಿಸ್ಬಿಟ್ರೆ ಆಯ್ತು. ಆಫೀಸು ಗೀಫೀಸು ಅಂತ ನೀವ್ಯಾಕೆ ಹೋಗ್ತೀರಾ, ಮಲಗಿರೋ ನಾಯಿನ ಎಬ್ಬಿಸೋಕೆ?'

ಹೋಗಿಯೇ ಹೋಗುತ್ತೇವೆ, ನೀವೊಂದು ಕಾಗದ ಕೊಡಿ ಎಂದು ನಿಮ್ಮಮ್ಮ ಫೋನಿನಲ್ಲೇ ಹಠ ಹಿಡಿದಳು. ಅವರು ಬರೆದುಕೊಟ್ಟರು. ನಾನು ಓದಿದೆ. ರೂತ್ ಎಂಬುವರು ನಮ್ಮ ಶಾಲೆಗೆ ಬಂದೇ ಇಲ್ಲ, ಪಾಠ ಮಾಡಿಯೇ ಇಲ್ಲ ಎಂದಿತ್ತು. ಕೆಳಗೆ ಸೀಲು, ಸಹಿ. ನಿಮ್ಮ ತಾತ ಇದ್ದಾಗ ಇಂಥ ಮಾತೆಲ್ಲ ಅವರದು, ನಾನು ಹೊರಗೆ ಮರದ ಕೆಳಗೆ ಕೂರುವವಳು. ಅಂದು ಕೂರಲು ಮರವಿರಲಿಲ್ಲ.

'ಇದು ಬ್ಯಾಡಪ್ಪ' ಅಂದೆ. 'ನಾಲ್ಕು ಊರಲ್ಲಿ ನೀನೇ ಬರೆಸಿ ಕಟ್ಟಿದ್ದೀಯ. ಶಾಲೆ ಮಕ್ಕಳು ದಿನಾ ಇವಳಿಗೆ ಗುಡ್ ಮಾರ್ನಿಂಗ್ ಹೇಳವ್ರೆ. ಅವ್ರ ಬಾಯಿಗೂ ಕಾಗದ ಅಂಟಿಸ್ತೀಯಾ?'

ಅವರು ನನ್ನನ್ನು ದಿಟ್ಟಿಸಿ ನೋಡಿದರು. 'ಏನಕ್ಕ, ಮಾತೇ ಬರಲ್ಲ ಅಂದ್ಕೊಂಡಿದ್ದೆ ನಿಮಗೆ' ಅಂದರು. ಆದರೂ ಆ ಕಾಗದವನ್ನು ಹರಿದು ಮತ್ತೊಂದು ಬರೆದರು. ಹತ್ತೊಂಬತ್ತು ದಿನ ಪಾಠ ಮಾಡಿದ್ದಾರೆ, ಸಂಬಳದ ಮಾತಾಗಿತ್ತು, ಕೊಟ್ಟಿಲ್ಲ, ಕೊಡುವುದೂ ಇಲ್ಲ, ವೀಸಾ ವಿಚಾರಿಸದಿದ್ದದ್ದು ನನ್ನ ತಪ್ಪು. ಆಮೇಲೆ ಗೇಟಿನ ಮೇಲಿದ್ದ ಫ್ಲೆಕ್ಸನ್ನು ತಾವೇ ಸ್ಟೂಲು ಹಾಕಿಕೊಂಡು ಇಳಿಸಿದರು. ಮುಳಬಾಗಿಲಿಗೂ ಕೋಲಾರಕ್ಕೂ ಫೋನು ಮಾಡಿ ಅಲ್ಲಿಯವನ್ನೂ ಇಳಿಸಲು ಹೇಳಿದರು. ಮಾಲೂರಿನಲ್ಲಿ ಹೊಸ ಶಾಲೆ ಇನ್ನೂ ಶುರುವಾಗಿರಲಿಲ್ಲ, ಅಲ್ಲಿ ಅವರ ಜನ ಯಾರೂ ಇರಲಿಲ್ಲ.

ಕೋಲಾರ ಮುಟ್ಟಿದಾಗ ಹನ್ನೆರಡು. ಮಂಜು ಹೋಗಿ ಬಿಸಿಲು ಚುರುಗುಡುತ್ತಿತ್ತು. ಎರಡನೇ ಶನಿವಾರವೂ ಅಲ್ಲ, ನಾಲ್ಕನೆಯದೂ ಅಲ್ಲವಾದ್ದರಿಂದ ಪೊಲೀಸ್ ಕಚೇರಿ ತೆರೆದಿತ್ತು. ವಿದೇಶದವರ ಕಾಗದ ನೋಡುವ ಅಧಿಕಾರಿ ಮೀಟಿಂಗಿನಲ್ಲಿದ್ದರು. ಗೋಡೆಯ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತೆವು. ರೂತ್ ಪಾಸ್‌ಪೋರ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು, ಹೊಸದಾಗಿ ಹುಟ್ಟಿದ ಕರುವಿನ ಮೂತಿ ಹಿಡಿದ ಹಾಗೆ.

ಅಧಿಕಾರಿ ಐವತ್ತರ ಆಸುಪಾಸಿನವರು. ಕಾಗದ ಓದಿ, ಕನ್ನಡಕದ ಮೇಲಿಂದ ರೂತ್‌ಳನ್ನು ನೋಡಿ, 'ಬಸ್ ಸ್ಟ್ಯಾಂಡ್ ಹತ್ರ ಇರೋ ಲಂಡನ್ ಟೀಚರ್ ಇವರೇನಾ? ದಿನಾ ನೋಡ್ತೀನಿ' ಅಂದರು. ಹರಿದುಹಾಕಿಸಿದ ಆ ಮೊದಲನೇ ಕಾಗದ ನೆನಪಾಯಿತು. ಅದನ್ನೇ ತಂದಿದ್ದರೆ?

'ಎಷ್ಟು ದಿನದಿಂದ ನಿಮ್ಮನೇಲಿದಾರೆ?'

ಹೇಳಿದೆ. ವಿದೇಶದವರು ಮನೆಯಲ್ಲಿ ಉಳಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸಬೇಕಿತ್ತು, ಅದಕ್ಕೊಂದು ಫಾರಂ ಇದೆ ಎಂದರು. ಅಂದರೆ ತಪ್ಪಿನಲ್ಲಿ ನನ್ನದೂ ಪಾಲಿತ್ತು.

'ಬಾಡಿಗೆ ತಗೊಂಡ್ರಾ?'

'ನೆಂಟರ ಹತ್ರ ಬಾಡಿಗೆ ತಗೋತಾರಾ ಸಾರ್?'

'ಊಟ?'

'ನಾವು ತಿನ್ನೋದೇ ಸಾರ್. ಅವಳೂ ಸುಮ್ನೆ ಕೂರಲ್ಲ, ಅವರೆಕಾಳು ಹಿಸುಕಿಕೊಡ್ತಾಳೆ...' ಎಂದವಳು ನಾಲಿಗೆ ಕಚ್ಚಿಕೊಂಡೆ. ಅದೂ ಕೂಲಿ ಆಗಿಬಿಟ್ಟರೆ?

ಅವರು ಪೆನ್ನು ಎತ್ತಿದರು. 'ಅದನ್ನ ಬರ್ಕೊಳಲ್ಲ ಬಿಡಿ. ಸಂಬಳ ಕೈಗೆ ಬಂತಾ? ನಿಜ ಹೇಳಿ.'

ರೂತ್‌ಗೆ ಪ್ರಶ್ನೆ ಅರ್ಥವಾಯಿತು. 'ಇಲ್ಲ. ಶುಕ್ರವಾರ' ಅಂದಳು.

ಅವರಿಗೆ ತಿಳಿಯಲಿಲ್ಲ. ನಾರಾಯಣಪ್ಪನ ತಾಯಿ ಕವರನ್ನು ಲಕ್ಷ್ಮಿ ಪಟದ ಮುಂದೆ ಇಡಿಸಿದ್ದನ್ನು ನಾನೇ ಹೇಳಿದೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ, ಸೆರಗನ್ನೂ ಮುಟ್ಟಲಿಲ್ಲ. ಕೇಳುತ್ತ ಕೇಳುತ್ತ ಅವರ ಮುಖ ಸಡಿಲವಾಯಿತು. ಕೊನೆಗೆ ಕುರ್ಚಿಗೆ ಒರಗಿ ನಕ್ಕುಬಿಟ್ಟರು.

'ನಮ್ಮಮ್ಮನೂ ಹಂಗೇ ಕಣಮ್ಮ. ಶುಕ್ರವಾರ ಹಾಲಿನವನಿಗೂ ಕೊಡಲ್ಲ. ಆ ಅಜ್ಜಿಗೆ ಒಂದು ನಮಸ್ಕಾರ ಹಾಕೋಕೆ ಹೇಳಿ ಇವರಿಗೆ.'

ಆಮೇಲೆ ನಗು ಬಿಟ್ಟು ರೂತ್‌ಗೆ ಇಂಗ್ಲಿಷಿನಲ್ಲೂ ನನಗೆ ಕನ್ನಡದಲ್ಲೂ ತಿಳಿಸಿದರು. ಅವಳ ವೀಸಾದಲ್ಲಿ ಒಂದು ತಿಂಗಳ ಒಳಗೆ, ಏನನ್ನೂ ತೆಗೆದುಕೊಳ್ಳದೆ ಸೇವೆ ಮಾಡಬಹುದು. ಒಂದು ರೂಪಾಯಿ ಮುಟ್ಟಿದ್ದರೂ ಮಾತು ಬೇರೆಯಾಗುತ್ತಿತ್ತು. ಸಂಬಳಕ್ಕೆ ಒಪ್ಪಿಕೊಂಡದ್ದೂ ತಪ್ಪೇ, ಇನ್ನು ಒಂದು ದಿನವೂ ಪಾಠ ಬೇಡ. ಕೆಲಸ ಮಾಡಬೇಕಾದರೆ ಕೆಲಸದ ವೀಸಾ ತೆಗೆದುಕೊಂಡೇ ಬರಬೇಕು. ಫಾರಂ ತಡವಾದದ್ದಕ್ಕೆ ನಾನು ತಪ್ಪೊಪ್ಪಿಗೆ ಬರೆದುಕೊಡಬೇಕು. ಕೊನೆಯದಾಗಿ, ಐದು ಗಂಟೆಯೊಳಗೆ ನಾಲ್ಕು ಫ್ಲೆಕ್ಸೂ ಇಳಿದ ಫೋಟೊ ಅವರ ಕೈಗೆ ಬರಬೇಕು. ಬಂದರೆ ಎಚ್ಚರಿಕೆ ಕೊಟ್ಟು ಮುಗಿಸುತ್ತೇನೆ, ಇಲ್ಲವಾದರೆ ಕಾಗದವನ್ನು ಮೇಲಕ್ಕೆ ಕಳಿಸಬೇಕಾಗುತ್ತದೆ ಎಂದರು.

ಅಲ್ಲೇ ಬೆಂಚಿನ ಮೇಲೆ ಕೂತು ಅರ್ಧ ಪುಟ ಬರೆದೆ. ಮದುವೆಯಾದ ಮೇಲೆ ನಾನು ಬರೆದ ಮೊದಲ ಅರ್ಧ ಪುಟ ಅದು. 'ಅಕ್ಷರ ಮುತ್ತಿನಂಗಿದೆಯಲ್ಲಮ್ಮ' ಅಂದರು. ಈಗ ನೀವು ಓದುತ್ತಿರುವ ಹಾಳೆಗಳಿಗೆ ಆ ಮಾತೇ ಕಾರಣ.

ಮಾಲೂರು ಬಸ್ಸು ಎರಡೂವರೆಗೆ ಹೊರಟಿತು. ದಾರಿಯಲ್ಲಿ ಇಟ್ಟಿಗೆ ಲಾರಿಗಳ ಸಾಲು, ಕೆಂಪು ಧೂಳು. ಇಳಿದು ರೈಲ್ವೆ ಸ್ಟೇಷನ್ ರಸ್ತೆಗೆ ನಡೆದಾಗ ನಾಲ್ಕು ಗಂಟೆ. ಫ್ಲೆಕ್ಸು ಎರಡು ಆಳು ಎತ್ತರದ ಬಿದಿರು ಗಳುಗಳ ಮೇಲಿತ್ತು. ರೂತ್ ಎಗರಿದಳು, ಎಟುಕಲಿಲ್ಲ. ಅಲ್ಲೇ ಇಟ್ಟಿಗೆ ಲಾರಿ ನಿಲ್ಲಿಸಿ ಟೀ ಕುಡಿಯುತ್ತಿದ್ದ ನರೆಗಡ್ಡದ ಡ್ರೈವರ್ ಇದನ್ನು ನೋಡುತ್ತಿದ್ದ.

'ಏನಮ್ಮಾ, ತನ್ನ ಫೋಟೊ ತಾನೇ ಕೀಳ್ತಾವ್ಳೆ? ಸಿಟ್ಟಾ?'

'ಸಿಟ್ಟಲ್ಲಪ್ಪ, ವೀಸಾ' ಅಂದೆ. ಅಷ್ಟೇ ಹೇಳಲು ಬಂತು. ಅವನಿಗೆ ಏನು ತಿಳಿಯಿತೋ, ಲಾರಿಯನ್ನು ಗಳುವಿನ ಪಕ್ಕಕ್ಕೆ ತಂದು, ಇಟ್ಟಿಗೆಯ ಮೇಲೆ ಹತ್ತಿ ಹಗ್ಗ ಬಿಚ್ಚಿದ. ರೂತ್ ಬರೀ ಗಳುಗಳ ಫೋಟೊ ತೆಗೆದು, ನಾರಾಯಣಪ್ಪ ಕಳಿಸಿದ್ದ ಉಳಿದ ಮೂರು ಊರಿನ ಫೋಟೊಗಳ ಜೊತೆ ಅಧಿಕಾರಿಗೆ ಕಳಿಸಿದಳು. ಆಗ ಗಂಟೆ ನಾಲ್ಕೂವರೆ. ಡ್ರೈವರ್ ಫ್ಲೆಕ್ಸು ಮಡಚುತ್ತ, 'ಇದು ನಂಗಿರ್ಲಿ ಅಮ್ಮಾ, ಲೋಡ್ ಮೇಲೆ ಹೊದಿಸ್ತೀನಿ' ಅಂದ.

'ಅಯ್ಯೋ ಬ್ಯಾಡಪ್ಪ! ನಾಲ್ಕೂರಿಂದ ಇಳಿಸೋಕೇ ಪ್ರಾಣ ಹೋಯ್ತು. ನಿನ್ ಲಾರಿ ಹತ್ತಿದ್ರೆ ಇವಳ ಮುಖ ಚೆನ್ನೈವರೆಗೂ ಹೋಗ್ತದೆ!'

ಅವನು ಗಟ್ಟಿಯಾಗಿ ನಕ್ಕು ಫ್ಲೆಕ್ಸನ್ನು ನನ್ನ ತೋಳಿಗೆ ಹಾಕಿದ.

ಟೀ ಅಂಗಡಿಯ ಮುಂದೆ ಕಾದೆವು. ಐದಕ್ಕೆ ಐದು ನಿಮಿಷ ಇರುವಾಗ ಫೋನು ಸದ್ದು ಮಾಡಿತು. ಓದಿದವಳೇ ರೂತ್ ನನ್ನ ಹೆಗಲಿಗೆ ತಲೆ ಇಟ್ಟು ಅತ್ತಳು. ಮುಗಿದಿದೆ, ವೀಸಾ ಮುಗಿಯುವುದರೊಳಗೆ ಹೊರಡಿ, ಒಳ್ಳೆಯದಾಗಲಿ ಎಂದು ಅಧಿಕಾರಿ ಬರೆದಿದ್ದರು. ಪಾಸ್‌ಪೋರ್ಟಿನಲ್ಲಿ ಒಂದು ಚುಕ್ಕೆಯೂ ಬೀಳಲಿಲ್ಲ.

ಕೋಲಾರದ ಮೇಲೆ ಮುಳಬಾಗಿಲಿಗೆ ಬಂದು ಸೇರಿದಾಗ ಕತ್ತಲಾಗಿತ್ತು. ಬಸ್ ಸ್ಟ್ಯಾಂಡಿನ ಎದುರು ಬೆಳಗಿನ ಫ್ಲೆಕ್ಸು ಇರಲಿಲ್ಲ, ಗಳುಗಳ ನಡುವೆ ಆಕಾಶ ಕಾಣುತ್ತಿತ್ತು. ರೂತ್ ಮೂರು ದೋಸೆ ತಿಂದಳು. ನಾನು ಎರಡು. ಆಮೇಲೆ ನಾರಾಯಣಪ್ಪನ ಮನೆಗೆ ಹೋಗಿ ಅವರ ತಾಯಿಯ ಕಾಲು ಮುಟ್ಟಿದಳು. ಆ ಮುದುಕಿಗೆ ಏನೂ ತಿಳಿಯದು. 'ಇವತ್ತು ಶನಿವಾರ, ಕವರು ತಗೊಂಡು ಹೋಗಮ್ಮ' ಎಂದು ಪಟದ ಮುಂದಿನಿಂದ ಎತ್ತಿ ಕೊಡಲು ಬಂದರು. ನಾವಿಬ್ಬರೂ ಒಟ್ಟಿಗೇ ಎರಡು ಹೆಜ್ಜೆ ಹಿಂದೆ ಸರಿದೆವು.

ಎಂಟು ದಿನದ ಮೇಲೆ ರೂತ್ ಹೊರಟಳು. ಈಗ ಜಪಾನಿನಲ್ಲಿ, ಸರಿಯಾದ ವೀಸಾದಲ್ಲಿ, ಮಕ್ಕಳಿಗೆ ಪಾಠ ಹೇಳುತ್ತಿದ್ದಾಳೆ. ಆ ಅರ್ಜಿಯ ಪ್ರಶ್ನೆಗೆ 'ಇಲ್ಲ' ಎಂದೇ ಬರೆದೆ ಎಂದು ಫೋನಿನಲ್ಲಿ ಹೇಳಿದಳು. ಫ್ಲೆಕ್ಸನ್ನು ನಾನು ಮೆದೆಗೆ ಹೊದಿಸಿದೆ. ತಲೆ ಮೇಲೆ ಮಾಡಿ ಹೊದಿಸಿದರೆ ದಾರಿಯಲ್ಲಿ ಹೋಗುವವರು ಓದುತ್ತಾರೆ, ಅದಕ್ಕೇ ತಲೆಕೆಳಗು.

ಮೇಘನಾ, ಪವನ, ಮೆದೆಗೆ ಹೊದಿಸಿ ಉಳಿದ ಒಂದು ತುಂಡು ನನ್ನ ಟ್ರಂಕಿನಲ್ಲಿದೆ. ನಾರಾಯಣಪ್ಪ ಕಪ್ಪು ಕನ್ನಡಕ ಹಾಕಿ ಕೈಮುಗಿದಿರುವ ಮೂಲೆ ಅದು. ಈ ಹಾಳೆಗಳನ್ನು ಅದರಲ್ಲಿ ಸುತ್ತಿ ಜೋಪಾನವಾಗಿಡಿ. ಮಳೆ ನೀರು ಒಳಗೆ ಇಳಿಯುವುದಿಲ್ಲ, ನಾನು ಮೆದೆಯ ಮೇಲೆ ನೋಡಿದ್ದೇನೆ.