ಎರಡನೇ ಬೆಳೆ ಮತ್ತು ವೆನಿಸ್

ವೆನಿಸ್‌ಗೆ ಹೋಗುವುದಾದರೆ ಚಳಿಗಾಲದಲ್ಲೇ ಹೋಗಬೇಕು ಎಂದು ನಾನು ಹಟ ಹಿಡಿದಿದ್ದೆ. ಬೇಸಿಗೆಯಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವಂತೆ. ಜನವರಿಯಲ್ಲಾದರೆ ಮಂಜು ಕವಿದು, ದೋಣಿ ಇದೆಯೋ ಇಲ್ಲವೋ ಎಂಬಂತೆ ಕಾಲುವೆಯ ಮೇಲೆ ತೇಲುತ್ತಿರುತ್ತದೆ. ಆ ಒಂದು ಫೋಟೋ ನನಗೆ ಬೇಕಿತ್ತು. ಲಿಂಗಸುಗೂರಿನ ಕಾಲೇಜಿನಲ್ಲಿ ವಾರವಿಡೀ ಪಾಠ ಹೇಳಿ, ರವಿವಾರ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವವಳು ನಾನು. ಮುದಗಲ್ ಕೋಟೆಯ ಕಲ್ಲುಗಳಿಗೆಲ್ಲ ಈಗ ನನ್ನನ್ನು ಕಂಡರೆ ಬೇಸರ ಬಂದಿರಬೇಕು.

ಒಬ್ಬಳೇ ಹೋಗುವ ಧೈರ್ಯ ನನಗಿರಲಿಲ್ಲ. ಧೈರ್ಯ ಇದ್ದದ್ದು ಜವಳಗೇರಾದಲ್ಲಿರುವ ನನ್ನ ಅಕ್ಕನಿಗೆ. ಭಾವ ತೀರಿಕೊಂಡ ಮೇಲೆ ಜಲಾಶಯದ ಕಾಲುವೆಯ ನೀರು ಹಾಯುವ ಭತ್ತದ ಗದ್ದೆಯನ್ನು ಒಬ್ಬಳೇ ನೋಡಿಕೊಂಡು ಬಂದವಳು. ಮೊಬೈಲಿನಲ್ಲಿ ವೆನಿಸ್‌ನ ಚಿತ್ರ ತೋರಿಸಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ನೀರು ಯಾವಾಗ ಬಂದ್ ಮಾಡ್ತಾರ?”

“ಬಂದ್ ಮಾಡಂಗಿಲ್ಲಕ್ಕ. ಸಮುದ್ರದ ನೀರು ಅದು. ಯಾವಾಗ್ಲೂ ಇರ್ತೈತಿ.”

“ಉಪ್ಪುನೀರಾಗ ಏನ್ ಬೆಳೀತಾರ?”

“ಏನೂ ಇಲ್ಲ. ಮಂದಿ ಬರೇ ನೋಡಾಕ ಹೋಗ್ತಾರ.”

ಅಕ್ಕ ಮೊಬೈಲನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಕಾಲುವಿ ಬರೇ ನೋಡ್ಕೋಂತ ಕುಂದ್ರೂದು,” ಎಂದಳು. “ನಡಿ, ನಾನೂ ಬರ್ತೀನಿ.”

ಅವಳು ಕಾಲುವೆಯನ್ನು ಬರೀ ನೋಡಿದ್ದನ್ನು ನಾನು ಕಂಡೇ ಇಲ್ಲ. ನೀರು ಎಷ್ಟು ಏರಿತು, ತನ್ನ ಪಾಳಿ ಯಾವಾಗ, ಮೇಲಿನ ಗದ್ದೆಯವರು ತೂಬಿಗೆ ಕೈ ಹಾಕಿದರೋ ಏನೋ, ಇದೇ ಅವಳ ನೋಟ. ವರ್ಷಕ್ಕೊಮ್ಮೆ ಹೊಸ ನೀರು ಬಂದ ದಿನ ಮಾತ್ರ ಲೆಕ್ಕ ಬಿಟ್ಟು, ಹಸಿರು ಬಳೆ ಕುಪ್ಪಸ ತಂದು ಕಾಲುವೆಯ ಗಂಗವ್ವನಿಗೆ ಉಡಿ ತುಂಬಿ ಕೈಮುಗಿಯುತ್ತಾಳೆ.

ಆದರೆ ಅವಳದೊಂದು ಷರತ್ತಿತ್ತು. ಚಳಿಗಾಲದ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಟ್ಟರೆ ಅವಳು ಬರುವುದಿಲ್ಲ. ಸಸಿ ಮಡಿ, ನಾಟಿ, ನೀರಿನ ಪಾಳಿ ಎಂದು ಜನವರಿಯಲ್ಲಿ ಗದ್ದೆ ಬಿಟ್ಟು ಕದಲುವಂತಿಲ್ಲ. ನೀರು ಬಿಡದಿದ್ದರೆ ಮಾತ್ರ ಬಿಡುವು. ಅದನ್ನು ತೀರ್ಮಾನಿಸುವ ನೀರಾವರಿ ಸಮಿತಿಯ ಸಭೆ ಇಂದು ನಾಳೆ ಎನ್ನುತ್ತಾ ತಡವಾಗುತ್ತಿತ್ತು, ನಾನು ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯುತ್ತಿದ್ದೆ. ಯುರೋಪಿಗೆ ಹೋಗಲು ವೀಸಾ ಬೇಕು, ರಜೆ ಬೇಕು ಎಂದು ಗೊತ್ತಿತ್ತು. ಜಲಾಶಯದ ಒಪ್ಪಿಗೆಯೂ ಬೇಕೆಂದು ಯಾರೂ ಹೇಳಿರಲಿಲ್ಲ.

ತಯಾರಿಯನ್ನಂತೂ ನಿಲ್ಲಿಸಲಿಲ್ಲ. ವೆನಿಸ್‌ನಲ್ಲಿ ಸಣ್ಣ ಕಾಲುವೆಯೊಂದರ ಕಡೆಗೆ ಕಿಟಕಿ ಇರುವ ಕೋಣೆ ಹುಡುಕಿದೆ. ಚಳಿಗಾಲದಲ್ಲಿ ಒಮ್ಮೊಮ್ಮೆ ನೀರು ಉಕ್ಕಿ ಬೀದಿಗೇ ಬರುತ್ತದೆ, ರಬ್ಬರ್ ಬೂಟು ಬೇಕು ಎಂದರೆ ಅಕ್ಕ ನಕ್ಕಳು. “ಇಷ್ಟು ವರ್ಷ ಗದ್ದಿ ರಾಡ್ಯಾಗ ಬರಿಗಾಲಾಗ ನಿಂತೀನಿ. ಬೂಟು ನೀ ಹಾಕ್ಕೊ.”

ಈ ನಡುವೆ ನನಗೊಂದು ಕೆಟ್ಟ ಚಟ ಅಂಟಿತು. ಬೆಳಿಗ್ಗೆ ಎದ್ದ ಕೂಡಲೇ ಜಲಾಶಯದ ಸುದ್ದಿ ಓದುವುದು. ಮಟ್ಟ ಇಳಿದಿದೆ ಎಂದರೆ ಒಳಗೊಳಗೇ ಖುಷಿ. ಅಕ್ಕನ ಗದ್ದೆ ಬೀಳು ಬೀಳುತ್ತದೆ, ನಾಟಿ ಹಚ್ಚುವ ಹೆಣ್ಣುಮಕ್ಕಳು ಕೂಲಿಗೆ ಬೇರೆ ಊರು ನೋಡಬೇಕಾಗುತ್ತದೆ ಎಂಬುದೆಲ್ಲ ಗೊತ್ತಿದ್ದೂ ಖುಷಿ. ನಾಚಿಕೆಯೂ ಆಗುತ್ತಿತ್ತು. ಮರುದಿನ ಮತ್ತೆ ಓದುತ್ತಿದ್ದೆ.

ವೀಸಾ ಫೋಟೋಕ್ಕೆಂದು ಇಬ್ಬರೂ ಸಿಂಧನೂರಿನಲ್ಲಿ ಕೂಡಿದೆವು. ನಾನು ಮಸ್ಕಿ ಮೇಲೆ ಹಾದು ಬರುವ ಬಸ್ಸಿನಿಂದ ಇಳಿಯುವಷ್ಟರಲ್ಲಿ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಸ್ಟುಡಿಯೋ ಮುಂದೆ ನಿಂತಿದ್ದಳು. ನಗಬಾರದು ಎಂದು ಸ್ಟುಡಿಯೋದವರು ಎಷ್ಟು ಹೇಳಿದರೂ ಅವಳಿಗೆ ನಗು ತಡೆಯಲಾಗಲಿಲ್ಲ. ಅಂತೂ ಫೋಟೋ ಕೈಗೆ ಬಂತು. ಹೋಟೆಲಿನಲ್ಲಿ ಚಹಾಕ್ಕೆ ಕೂತಾಗ ಪಕ್ಕದ ಮೇಜಿನವರ ಮಾತು ಕಿವಿಗೆ ಬಿತ್ತು. ಸಭೆ ಮುಗಿದಿತ್ತು. ಎರಡನೇ ಬೆಳೆಗೆ ನೀರಿಲ್ಲ.

ಅಕ್ಕ ಬಾಯಿಗೆ ಒಯ್ಯುತ್ತಿದ್ದ ಚಹಾವನ್ನು ಕುಡಿಯದೆ ಮೇಜಿನ ಮೇಲಿಟ್ಟಳು. ನಾನು ಕಾದಿದ್ದ ಸುದ್ದಿಯೇ ಬಂದಿತ್ತು. ಅವಳ ಮುಖ ನೋಡಲಾಗದೆ ನಾನು ಎದ್ದು ಚಹಾದ ದುಡ್ಡು ಕೊಟ್ಟು ಬಂದೆ.

ನಾನು ಊರಿಗೆ ಮರಳದೆ ಅವಳ ಜೊತೆ ಜವಳಗೇರಾಕ್ಕೆ ಹೋದೆ. ಕಾಲುವೆಯ ದಂಡೆಯ ಮೇಲೆ ಕೂತೆವು. ಮೊದಲ ಬೆಳೆಯ ಕೊನೆಯ ನೀರು ಅರ್ಧಕ್ಕಿಳಿದು ಹರಿಯುತ್ತಿತ್ತು.

“ಬ್ಯಾಡ ಬಿಡಕ್ಕ, ಮುಂದಿನ ವರ್ಷ ನೋಡೂಣು,” ಎಂದೆ. ಆಮೇಲೆ ತಡೆಯಲಾರದೆ ಹೇಳಿಬಿಟ್ಟೆ. “ನೀರು ಬಿಡಬಾರದು ಅಂತ ನಾ ಬೇಡ್ಕೊಂಡಿದ್ದೆ.”

“ಗೊತ್ತೈತಿ. ನಿನ್ನ ಮಾರಿ ನೋಡಿದ್ರ ತಿಳೀತಿತ್ತು.” ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನ ಕಡೆಗೇ ನೋಡುತ್ತಿದ್ದಳು. “ನಾನೂ ಬೇಡ್ಕೊಂಡೆ.”

ನಾನು ಅವಳತ್ತ ತಿರುಗಿದೆ.

“ಒಂದು ದಿನ ಇಲ್ಲೇ ತೂಬಿನ ಮುಂದ ನಿಂತಿದ್ದೆ. ಗಂಗವ್ವಾ, ಈ ಸಲ ಬರಬ್ಯಾಡ, ನನಗೊಮ್ಮೆ ಹೋಗಿ ಬರಬೇಕಾಗೈತಿ ಅಂದೆ.” ಅವಳ ಕಣ್ಣು ತುಂಬಿತ್ತು. “ನಾವು ಅಂದ ಮಾತ್ರಕ್ಕ ಡ್ಯಾಂ ಬತ್ತಂಗಿಲ್ಲ, ಅದು ಖರೆ. ಆದ್ರ ನಾ ಅಂದಿದ್ದೂ ಖರೆ.”

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡು, ಚೀಲದಿಂದ ತನ್ನ ಫೋಟೋ ತೆಗೆದು ನನ್ನ ಮಡಿಲಲ್ಲಿಟ್ಟಳು.

“ಅರ್ಜಿ ಹಾಕು,” ಎಂದಳು. “ಬೇಡ್ಕೊಂಡ ಮ್ಯಾಲ ಹೋಗಲಿಲ್ಲಂದ್ರ ತಪ್ಪಾಗ್ತೈತಿ.”