ಸೋದರಮಾವನ ತೊಡೆ

ಕೊರೊನಾ ಕಾಲದಲ್ಲಿ ನಾಗಮಂಗಲದಲ್ಲಿ ಜಾಗವಿಲ್ಲವೆಂದು ಹೊಣಕೆರೆ ಕಡೆಯವನಾದ ನನ್ನನ್ನು ಕೆ.ಆರ್. ಪೇಟೆಯ ಹಾಸ್ಟೆಲೊಂದಕ್ಕೆ ತಂದು ಹಾಕಿದರು. ಹೊರಗಿನಿಂದ ಚಿಲಕ. ಒಳಗೆ ನಾನು, ನನ್ನ ಕೆಮ್ಮು.

ಬಂದ ದಿನವೇ ಇಬ್ಬರು ಕಿಟಕಿಗೆ ಬಂದರು. ಒಬ್ಬರು ಡಾಕ್ಟರಮ್ಮ, ಇನ್ನೊಬ್ಬ ಮಫ್ತಿಯಲ್ಲಿದ್ದ ಗುಪ್ತವಾರ್ತೆಯ ಪೊಲೀಸಿನವನು. ಆಯಮ್ಮ ಕೇಳುವುದು, ಈಯಪ್ಪ ನನ್ನ ಮುಖ ನೋಡುವುದು. ಚುನಾವಣೆಯಲ್ಲಿ ಯಾರು ಯಾರ ಮನೆಯಲ್ಲಿ ಬಾಡೂಟ ಉಂಡರು ಎಂದು ಪತ್ತೆ ಮಾಡುತ್ತಿದ್ದವನಿಗೆ ಈಗ ನನ್ನ ಜ್ವರದ ಜಾಡು ಹಿಡಿಯುವ ಕೆಲಸ.

"ತೋಟ ಬುಟ್ಟು ಎಲ್ಲೂ ಓಗಿಲ್ಲ ಮೇಡಂ," ಎಂದೆ.

"ಸುಳ್ಳು ಯಾಕ್ಲಾ ಬೊಗಳ್ತೀಯ? ಭಾನುವಾರ ನಿನ್ ಫೋನು ಗೋವಿಂದನಹಳ್ಳಿ ಟವರಲ್ಲಿತ್ತು ಕಣ್ಲಾ," ಎಂದ ಅವನು.

"ದೇವಸ್ಥಾನ ನೋಡಕ್ಕೆ ಓಗಿದ್ದೆ ಸಾ."

"ಬಾಗ್ಲಾಕಿರೋ ದೇವಸ್ಥಾನನಾ?"

ಗೋವಿಂದನಹಳ್ಳಿ ನನ್ನ ತಂಗಿಯ ಗಂಡನ ಊರು. ಅವಳ ಮಗುವಿಗೆ ಕಿವಿ ಚುಚ್ಚಿಸುವುದಿತ್ತು. ಸೋದರಮಾವನ ತೊಡೆಯ ಮೇಲೆ ಕೂರಿಸದೆ ನಮ್ಮಲ್ಲಿ ಕಿವಿ ಚುಚ್ಚುವುದಿಲ್ಲ. ಲಾಕ್‌ಡೌನ್ ಅಂತ ಬೇರೆಯವರ ತೊಡೆ ಆಗುತ್ತದೆಯೇ? ಚೆಕ್‌ಪೋಸ್ಟ್ ತಪ್ಪಿಸಿ, ನಾಲೆ ಏರಿಯ ಮೇಲೆ ಬೈಕಿನಲ್ಲಿ ಹೋಗಿ ಬಂದಿದ್ದೆ. ನನಗೆ ಪಾಸಿಟಿವ್ ಬಂತೆಂದು ಫೋನು ಮಾಡಿದಾಗ ತಂಗಿ ಆಣೆ ಹಾಕಿಸಿಕೊಂಡಿದ್ದಳು, ಯಾರಿಗೂ ಬಾಯಿ ಬಿಡಕೂಡದೆಂದು. ಗೊತ್ತಾದರೆ ಅವರ ಬೀದಿಗೆ ಮುಳ್ಳುಬೇಲಿ ಬೀಳುತ್ತಿತ್ತು, ಡೈರಿಯವರು ಅವರ ಹಾಲು ಹಾಕಿಸಿಕೊಳ್ಳುತ್ತಿರಲಿಲ್ಲ.

ಡಾಕ್ಟರಮ್ಮ ಅವನನ್ನು ತಡೆದರು. "ಟವರ್ ಅಷ್ಟು ಮಾತ್ರ ಹೇಳುತ್ತೆ. ಯಾರನ್ನ ಮುಟ್ಟಿದ್ರಿ ಅಂತ ನೀವೇ ಹೇಳ್ಬೇಕು. ನೀವು ಹೋಗಿದ್ದ ಮನೇಲಿ ಚಿಕ್ಕ ಮಕ್ಕಳು ಇದಾರಾ?"

ಹೇಳಿದರೆ ತಂಗಿಯ ಸಂಸಾರ ಬೀದಿಗೆ, ಹೇಳದಿದ್ದರೆ ಮಗುವಿನ ಜೀವಕ್ಕೇ ಸಂಚಕಾರ. ಬೈಯುವವನ ಮುಂದೆ ಗಟ್ಟಿಯಾಗಿ ನಿಂತಿದ್ದವನು ಆಯಮ್ಮನ ಮೆತ್ತಗಿನ ಮಾತಿಗೆ ಸಿಕ್ಕಿಬಿದ್ದೆ. ಇಬ್ಬರ ಮೇಲೂ ಸಿಟ್ಟು ನೆತ್ತಿಗೇರಿತು. ಒಬ್ಬ ಅಟ್ಟುವುದಕ್ಕೆ, ಒಬ್ಬರು ಹಿಡಿಯುವುದಕ್ಕೆ.

"ಮಗೀನ ತೊಡೆ ಮ್ಯಾಲೆ ಕೂರಿಸ್ಕಂಡಿದ್ದೆ ಮೇಡಂ. ಅಳ್ತಿತ್ತು, ಮುತ್ತು ಕೊಟ್ಟೆ," ಎಂದುಬಿಟ್ಟೆ.

ಸಂಜೆ ಆಂಬುಲೆನ್ಸಿನಲ್ಲಿ ತಾಯಿ ಮಗುವನ್ನು ಇಲ್ಲಿಗೇ ಕರೆತಂದರು. ಮಗುವಿನ ಮೈ ಆಗಲೇ ಸುಡುತ್ತಿತ್ತಂತೆ. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ. ತಂಗಿ ಅದನ್ನು ಎತ್ತಿಕೊಂಡು ನನ್ನ ಕಿಟಕಿಯ ಮುಂದೆಯೇ ಹೋಗಬೇಕಾಯಿತು. ನಿಂತಳು.

"ಏಳ್ಬುಟ್ಟಾ ಅಣ್ಣಯ್ಯ?" ಎಂದಳು, ಅಷ್ಟೇ.

ಹುಟ್ಟಿದ ಮೇಲೆ ಐದು ತಿಂಗಳು ನಮ್ಮ ಮನೆಯಲ್ಲೇ, ನನ್ನ ಕೈಯಲ್ಲೇ ಆಡಿದ್ದ ಮಗು ಅದು. ಆ ಜ್ವರದಲ್ಲೂ ನನ್ನನ್ನು ಗುರುತು ಹಿಡಿದು, ಎತ್ತಿಕೋ ಎಂದು ಎರಡೂ ಕೈ ಚಾಚಿತು. ನಾನು ಕಿಟಕಿ ಮುಚ್ಚಿದೆ.